ಕೈಯಕ್ಕನ ಚಿನ್ನದ ನಾಣ್ಯ

ಕೈಗೆ ವಯಸ್ಸಾಯಿತು ಎಂದು ಮ್ಯಾನೇಜರು ಹೇಳಿದಾಗ ಅವಳು ಅದೇ ಕೈಯಿಂದ ಅವನ ಕೆನ್ನೆಗೆ ಒಂದು ಬಿಡಬೇಕಿತ್ತು. ಬಿಡಲಿಲ್ಲ. ಹನ್ನೊಂದು ವರ್ಷ ಕಣ್ಣಿನ ಹಾಗೆ ಕಾಪಾಡಿಕೊಂಡು ಬಂದ ಕೈಯನ್ನು ಇಂಥ ಕೆನ್ನೆಗೋಸ್ಕರ ಕೆಂಪಗೆ ಮಾಡಿಕೊಳ್ಳುವುದೇಕೆ ಎಂದು ಸುಮ್ಮನಾದಳು.

"ನರ ಕಾಣ್ತಿದೆ ಅಕ್ಕಾ," ಎಂದ ಅವನು, ಪರದೆಯ ಮೇಲೆ ಅವಳ ಬೆರಳನ್ನು ಬಾಳೆಹಣ್ಣಿನಷ್ಟು ದೊಡ್ಡದು ಮಾಡಿ ತೋರಿಸುತ್ತ. "ಜನರ ಕಣ್ಣು ನಾಣ್ಯದ ಮೇಲಿರಬೇಕು, ನರದ ಮೇಲಲ್ಲ. ಮುಂದಿನ ತಿಂಗಳಿಂದ ಹೊಸ ಹುಡುಗಿ ಬರ್ತಾಳೆ. ನೀವು ರೆಸ್ಟ್ ತಗೊಳ್ಳಿ."

"ರೆಸ್ಟಿಗೆ ಸಂಬಳ ಎಷ್ಟು ಸ್ವಾಮೀ?"

ಅವನು ದೊಡ್ಡ ಹಾಸ್ಯ ಕೇಳಿದವನಂತೆ ನಕ್ಕು ಹೊರಟುಹೋದ.

ಆ ಚಾನೆಲ್ಲು ಬೆಳಗಿನಿಂದ ರಾತ್ರಿಯವರೆಗೆ ನಾಣ್ಯ ಮಾರುತ್ತಿತ್ತು. ಹಳೆಯ ರಾಜರ ನಾಣ್ಯ, ಮುಳುಗಿದ ಹಡಗಿನ ನಾಣ್ಯ, ಇನ್ನೂ ಹುಟ್ಟದ ಮೊಮ್ಮಕ್ಕಳನ್ನು ಸಾಕುವ ನಾಣ್ಯ. ಮೇಜಿನ ಹಿಂದೆ ಕೋಟು ಹಾಕಿಕೊಂಡು ಕೂಗುವವನೊಬ್ಬ. ಅವನಿಗೆ ಸ್ಟುಡಿಯೋದಲ್ಲಿ ಬಾಯಣ್ಣ ಎಂದು ಹೆಸರು. ಮೇಜಿನ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ಮುದುಡಿ ಕೂತು, ಕಪ್ಪು ಬಟ್ಟೆಯ ಸೀಳಿನಿಂದ ಒಂದು ಕೈಯನ್ನಷ್ಟೇ ಹೊರಗೆ ಚಾಚಿ ನಾಣ್ಯ ತಿರುಗಿಸಿ ತೋರಿಸುವವಳು ಇವಳು. ಹಾಗಾಗಿ ಕೈಯಕ್ಕ. ಬಾಯಣ್ಣನ ಸಂಬಳ ಅವಳದರ ಎಂಟರಷ್ಟು. "ಇನ್ನು ಹದಿನೇಳೇ ಉಳಿದಿವೆ, ಬೇಗ ಫೋನ್ ಮಾಡಿ!" ಎಂದು ಅವನು ಅರಚತೊಡಗಿ ಮೂರು ತಿಂಗಳಾಗಿತ್ತು. ಇವತ್ತಿಗೂ ಹದಿನೇಳೇ ಉಳಿದಿದ್ದವು.

ಅವಳಿಗೆ ಬೇಕಾಗಿದ್ದು ಬಂಗಲೆಯಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡನ ಮಳಿಗೆಯ ಪಕ್ಕದಲ್ಲಿ, ಆರು ಹೆಜ್ಜೆ ಉದ್ದ ನಾಲ್ಕು ಹೆಜ್ಜೆ ಅಗಲದ ಕೋಣೆಯೊಂದು ಖಾಲಿಯಾಗಿತ್ತು. ಅಲ್ಲಿ ದಾರ, ಗುಂಡಿ, ಸೂಜಿ, ಲೇಸು ಇಟ್ಟುಕೊಂಡು ಕೂತರೆ ಯಾವ ಮ್ಯಾನೇಜರಿಗೂ ನರ ತೋರಿಸಬೇಕಾಗಿರಲಿಲ್ಲ. ಶನಿವಾರದೊಳಗೆ ಮುಂಗಡ ಕೊಡದಿದ್ದರೆ ಅದು ಮೊಬೈಲು ಕವರು ಮಾರುವವನ ಪಾಲು ಎಂದು ಕಟ್ಟಡದ ಮಾಲೀಕ ಹೇಳಿಬಿಟ್ಟಿದ್ದ.

"ಕೆಲಸ ಹೋಯ್ತು," ಎಂದಳು ಅವಳು ಮನೆಗೆ ಬಂದು.

ಗಂಡ ಸಿಂಕಿನ ಮುಂದೆ ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತಿದ್ದ. ಕೈ ಕೆಡಬಾರದೆಂದು ಹನ್ನೊಂದು ವರ್ಷದಿಂದ ಮನೆಯ ಪಾತ್ರೆಯೆಲ್ಲ ಅವನ ಪಾಲಿಗೇ ಬಂದಿತ್ತು. "ಅಯ್ಯೋ ಪಾಪ," ಎಂದು ಒಂದು ಗಳಿಗೆ ಮುಖ ಸಣ್ಣ ಮಾಡಿದ. ಆಮೇಲೆ ಕೈಯಲ್ಲಿದ್ದ ಬಾಣಲೆ ನೋಡಿದ. "ಅಂದ್ರೆ ನಾಳೆಯಿಂದ ಇದನ್ನ ನೀನೇ...?"

"ತಿಂಗಳ ಕೊನೆ ತನಕ ಈ ಕೈ ಅವರದ್ದು. ಉಜ್ಜು."

"ಉಜ್ತೀನಿ ಮಾರಾಯ್ತಿ. ಹನ್ನೊಂದು ವರ್ಷ ಕಾದವನಿಗೆ ಇನ್ನು ಹದಿನೈದು ದಿನ ಏನ್ ಮಹಾ!"

ಅವನು ಉಜ್ಜುತ್ತಿರುವಾಗಲೇ ಅವಳ ತಲೆಯಲ್ಲಿ ಯೋಜನೆ ಎದ್ದು ನಿಂತಿತು.

ಚಾನೆಲ್ಲಿನ ನಾಣ್ಯಗಳೆಲ್ಲ ತಾಮ್ರ. ಮೇಲೆ ಈರುಳ್ಳಿ ಸಿಪ್ಪೆಯಷ್ಟು ಚಿನ್ನದ ಲೇಪ, ಕೆಳಗೆ ಮಖಮಲ್ಲು. ಒಂದನ್ನು ಬಿಟ್ಟು. ದೀಪದ ಬೆಳಕಿಗೆ ತಾಮ್ರದ ನಾಣ್ಯ ಡಬ್ಬಿಯ ಮುಚ್ಚಳದ ಹಾಗೆ ಕಾಣುತ್ತಿತ್ತೆಂದು, ಕ್ಯಾಮೆರಾಕ್ಕೆ ತೋರಿಸುವುದಕ್ಕೇ ಚಾನೆಲ್ಲಿನ ಮಾಲೀಕರು ಒಂದು ಅಪ್ಪಟ ಚಿನ್ನದ್ದನ್ನು ಮಾಡಿಸಿದ್ದರು. ಒಂದು ಮಗ್ಗುಲಿಗೆ ಹಾಯಿಹಡಗು, ಇನ್ನೊಂದಕ್ಕೆ ಕಿರೀಟ. ಬೆರಳಿನ ಜಿಡ್ಡಿಗೆ ಹೊಳಪು ಹೋದೀತೆಂದು ಅದನ್ನು ಮುಟ್ಟುವ ಅಧಿಕಾರ ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೇ ಇತ್ತು. ಕಾರ್ಯಕ್ರಮ ಮುಗಿದ ಮೇಲೆ ಮ್ಯಾನೇಜರು ಪೆಟ್ಟಿಗೆ ತೆರೆದು ಹಿಡಿಯುತ್ತಿದ್ದ, ಅವಳು ಒಳಗಿಡುತ್ತಿದ್ದಳು, ಅವನು ಬೀಗ ಹಾಕುತ್ತಿದ್ದ. ನಾಣ್ಯ ಎಷ್ಟು ಭಾರವಿದೆ ಎಂಬುದು ಅವಳ ಬೆರಳಿಗೆ ಮಾತ್ರ ಗೊತ್ತಿತ್ತು. ಮ್ಯಾನೇಜರಿಗೆ ಗೊತ್ತಿದ್ದದ್ದು ಬರೀ ಬಣ್ಣ.

ಬದಲಿಗೆ ಇಡಲು ನಾಣ್ಯ ಹುಡುಕಬೇಕಾಗಿರಲಿಲ್ಲ. ಪ್ಯಾಕಿಂಗ್ ಕೋಣೆಯ ಮೂಲೆಯಲ್ಲಿ, ಜನ ಸಿಟ್ಟಿನಿಂದ ವಾಪಸು ಕಳಿಸಿದ, ಅದೇ ಅಚ್ಚಿನ ತಾಮ್ರದ ಹಾಯಿಹಡಗುಗಳು ಒಂದು ಬುಟ್ಟಿ ತುಂಬ ಇದ್ದವು. ಅವನ್ನು ಯಾರೂ ಎಣಿಸುತ್ತಿರಲಿಲ್ಲ. ಎಣಿಸಿದರೆ ಮಾಲೀಕರಿಗೇ ಬೇಜಾರು. ಬುಧವಾರ ಅವಳು ಅದರಲ್ಲಿ ಗೀರಿಲ್ಲದ ಒಂದನ್ನು ಆರಿಸಿಕೊಂಡಳು. ಅಂದು ಸಂಜೆ ಕೆಲಸಕ್ಕೆ ಹಾಕುವ ಕಪ್ಪು ಅಂಗಿಯ ತೋಳಿನ ಒಳಮಡಿಕೆಯಲ್ಲಿ ಎರಡು ಪುಟ್ಟ ಜೇಬು ಹೊಲಿದಳು, ಒಂದು ಬರುವ ನಾಣ್ಯಕ್ಕೆ, ಒಂದು ಹೋಗುವ ನಾಣ್ಯಕ್ಕೆ.

ಯಾವಾಗ ಎಂಬುದೊಂದೇ ಪ್ರಶ್ನೆ. ಕಳ್ಳರೆಲ್ಲ ಯಾರೂ ಇಲ್ಲದ ಹೊತ್ತು ನೋಡುತ್ತಾರೆ, ಅದಕ್ಕೇ ಸಿಕ್ಕಿಬೀಳುತ್ತಾರೆ ಎಂದು ಅವಳಿಗೆ ಅನ್ನಿಸಿತು. ಸಾವಿರಾರು ಜನ ನೋಡುತ್ತಿರುವಾಗ ಕದ್ದರೆ ಯಾರ ಮೇಲೆ ಅನುಮಾನ? ಬಾಯಣ್ಣ ಕೊನೆಯಲ್ಲಿ ಫೋನ್ ನಂಬರು ಕೂಗುವಾಗ ಪರದೆಯ ತುಂಬ ನಂಬರೇ ಬರುತ್ತದೆ. ಹನ್ನೆರಡು ಸೆಕೆಂಡು ಕ್ಯಾಮೆರಾ ಅವಳ ಕೈ ಬಿಡುತ್ತದೆ. ಅವಳಿಗೆ ನಾಲ್ಕು ಸಾಕಿತ್ತು. ಮುಂದೆ ಎಂದಾದರೂ ಗೊತ್ತಾದರೆ ಅಷ್ಟು ಹೊತ್ತಿಗೆ ಹೊಸ ಹುಡುಗಿ ನಾಣ್ಯವನ್ನು ನೂರು ಸಲ ತಿರುಗಿಸಿರುತ್ತಾಳೆ. ಅವಳಿಗೊಂದಿಷ್ಟು ಬೈಗುಳ ಬಿದ್ದೀತು. ಬೀಳಲಿ, ಅವಳ ಕೈಯಲ್ಲಿ ನರ ಇಲ್ಲವಲ್ಲ.

ಗುರುವಾರ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಮೇಲೆ ಬಾಯಣ್ಣ "ಹದಿನೇಳೇ ಹದಿನೇಳು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಕೆಳಗೆ ಹಾಯಿಹಡಗೊಂದು ತೋಳಿನೊಳಗೆ ಇಳಿಯಿತು, ಇನ್ನೊಂದು ಬೆರಳಿಗೆ ಏರಿತು. ಮ್ಯಾನೇಜರು ಪೆಟ್ಟಿಗೆ ತೆರೆದ. ಅವಳು ತಾಮ್ರವನ್ನು ಮಖಮಲ್ಲಿನ ಮೇಲೆ ಮಗು ಮಲಗಿಸಿದಂತೆ ಮಲಗಿಸಿದಳು.

"ಬೇಜಾರಿಲ್ಲ ತಾನೆ ಅಕ್ಕಾ?" ಎಂದ ಅವನು ಬೀಗ ಹಾಕುತ್ತ.

"ಏನೂ ಇಲ್ಲಪ್ಪ. ನಂಗೆ ಬರಬೇಕಾದ್ದು ಬಂತು."

ಶುಕ್ರವಾರ ರಜೆ ಹಾಕಿ ಬಸ್ಸು ಹತ್ತಿದಳು. ಐದು ಗಂಟೆ ದೂರದ ಊರು, ಅಲ್ಲಿ ಅವಳಿಗೆ ನೆಂಟರಿಲ್ಲ, ಪರಿಚಯದವರಿಲ್ಲ. ಎಚ್ಚರಿಕೆಗೆಂದು ಅಗಲವಾದ ಕಪ್ಪು ಕನ್ನಡಕ ಹಾಕಿದಳು, ಮೂಗಿನವರೆಗೆ ಶಾಲು ಸುತ್ತಿದಳು, ನೆಗಡಿಯಾದವಳ ಹಾಗೆ ಮಾತಾಡುವುದನ್ನು ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಳು. ಪಕ್ಕದ ಸೀಟಿನವನು ಪಾಪ ಎಂದು ಕಿಟಕಿ ಮುಚ್ಚಿಕೊಟ್ಟ. ಚಿನ್ನಬೆಳ್ಳಿಯ ಬೀದಿಯಲ್ಲಿ ಮೂರು ಅಂಗಡಿಗಳಿಗೆ ಇಣುಕಿ ನೋಡಿ, ಮೂರರಲ್ಲೂ ಟಿವಿ ಇದ್ದದ್ದರಿಂದ ಬಿಟ್ಟು, ಟಿವಿಯಿಲ್ಲದ ನಾಲ್ಕನೆಯದಕ್ಕೆ ಕಾಲಿಟ್ಟಳು. ಅಷ್ಟು ಮುಂದಾಲೋಚನೆ ಆ ಮ್ಯಾನೇಜರಿನ ಇಡೀ ವಂಶದಲ್ಲಿ ಇರಲಿಕ್ಕಿಲ್ಲ ಎಂದುಕೊಂಡಳು.

ಒಳಗೆ ಮುದುಕ ಅಕ್ಕಸಾಲಿ. ಮೂಲೆಯ ಕುರ್ಚಿಯಲ್ಲಿ ಅವನ ಹೆಂಡತಿ ಬಟಾಣಿ ಸುಲಿಯುತ್ತ ಕೂತಿದ್ದಳು.

"ಮಾವನೋರದ್ದು," ಎಂದು ನೆಗಡಿ ದನಿಯಲ್ಲಿ ಹೇಳಿ ನಾಣ್ಯವನ್ನು ಗಾಜಿನ ಮೇಲೆ ಜಾರಿಸಿದಳು.

ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿದ, ತೂಗಿದ, ಮತ್ತೊಮ್ಮೆ ತೂಗಿದ. ಹುಬ್ಬು ಮೇಲೆ ಹೋಯಿತು. "ಮಾವನೋರು ಗಟ್ಟಿ ಆಸಾಮಿ ಕಣಮ್ಮಾ," ಎಂದು ಒಂದು ಬೆಲೆ ಹೇಳಿದ. ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚು! ಮುಂಗಡ ಕೊಟ್ಟು, ಗೋಡೆಗೆ ಸುಣ್ಣ ಬಳಿಸಿ, ಗುಂಡಿಯ ಡಬ್ಬಿಗಳಿಗೆ ಗಾಜಿನ ಕಪಾಟು ಮಾಡಿಸಿದರೂ ಮಿಗುತ್ತಿತ್ತು. "ಒಳಗಿಂದ ದುಡ್ಡು ತರ್ತೀನಿ. ಅಲ್ಲಿ ತನಕ ನಿಮ್ಮ ವಸ್ತು ನಿಮ್ಮ ಹತ್ರಾನೇ ಇರ್ಲಿ," ಎಂದು ನಾಣ್ಯ ಅವಳ ಕಡೆ ತಳ್ಳಿ ಎದ್ದ.

ಅವಳು ಎತ್ತಿಕೊಂಡಳು. ಇದೇ ಕೊನೆ, ಇನ್ನು ಇದನ್ನು ಮುಟ್ಟುವುದಿಲ್ಲ ಎಂದು ಮನಸ್ಸು ಹಿಗ್ಗಿತು. ಹಿಗ್ಗಿದ ಮನಸ್ಸಿಗೆ ಕೈ ತನ್ನಷ್ಟಕ್ಕೆ ತಾನೇ ಜೊತೆಗೂಡಿತು. ಮೂರು ಬೆರಳ ತುದಿಯಲ್ಲಿ ನಾಣ್ಯ ಮೆಲ್ಲಗೆ ಮೇಲೆದ್ದಿತು, ಕಿರುಬೆರಳು ಕೊಂಚ ಬಿಚ್ಚಿಕೊಂಡಿತು, ಹಡಗು ಬೆಳಕಿನ ಕಡೆ ವಾಲಿ ಎರಡು ಉಸಿರಿನಷ್ಟು ಹೊತ್ತು ನಿಂತಿತು, ಆಮೇಲೆ ನಿಧಾನವಾಗಿ ತಿರುಗಿ ಕಿರೀಟ ತೋರಿತು.

ಬಟಾಣಿಯ ತಟ್ಟೆ ದಡಾರನೆ ನೆಲಕ್ಕೆ ಬಿತ್ತು. "ರೀ! ಬನ್ರೀ ಬೇಗ! ನಮ್ಮ ಟಿವಿ ಕೈ ಬಂದಿದೆ!" ಎಂದು ಅಕ್ಕಸಾಲಿಯ ಹೆಂಡತಿ ಕೂಗುತ್ತ ಬಂದು ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಯ್ಯೋ ತಾಯೀ, ದಿನಾ ಮನೇಲಿ ನೋಡ್ತೀನಲ್ಲ, ಲಕ್ಷ ಕೈಯಲ್ಲಿ ಇಟ್ರೂ ಗುರುತು ಹಿಡೀತೀನಿ! ನಿನ್ನ ನಂಬಿ ಹದಿನಾಲ್ಕು ಹಡಗು ತಗೊಂಡೆ, ಎಲ್ಲಾ ತಾಮ್ರ ಅಂತ ಇವರು ದಿನಾ ನನ್ನ ಮಾನ ಕಳೀತಾರೆ. ನಿನ್ನ ಹತ್ರ ಇರೋದು ಮಾತ್ರ ಅಪ್ಪಟ ಚಿನ್ನಾನಾ? ರೀ, ಫೋನ್ ತಗೊಳ್ಳಿ, ಇದೇನು ನ್ಯಾಯ ಅಂತ ಆ ಚಾನೆಲ್ನೋರನ್ನೇ ಕೇಳೋಣ!" ಕೈಯಕ್ಕ ಕೊಸರಿದಳು, ಹಿಡಿತ ಬಿಡಲಿಲ್ಲ, ಒಳಗೆ ಅಕ್ಕಸಾಲಿ ನಂಬರು ಒತ್ತುವ ಸದ್ದು ಕೇಳತೊಡಗಿತ್ತು. ಬೆವರಿಗೆ ಕಪ್ಪು ಕನ್ನಡಕ ಮೂಗಿನಿಂದ ಜಾರಿತು, ಶಾಲು ಕಳಚಿಬಿತ್ತು, ಆ ಹೆಂಗಸು ಅವಳ ಮುಖದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಟಿವಿಯಲ್ಲಿ ಬಾರದ ಮುಖವನ್ನು ಐದು ಗಂಟೆ ಮುಚ್ಚಿಕೊಂಡು ಬಂದ ಕೈಯಕ್ಕ, ಕೈಯನ್ನು ಮಾತ್ರ ಮುಚ್ಚದೆಯೇ ತಂದಿದ್ದಳು.