ಅಳಿಯನ ಎಡಗೈ

ಭಾವ ತೀರಿಕೊಂಡ ಸುದ್ದಿ ಬಂದ ದಿನ ನಾನು ನಲವತ್ತೆಂಟು ಡಿಗ್ರಿ ಬಿಸಿಯಲ್ಲಿ ನಿಂತಿದ್ದೆ.

ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು.

ಒಳಗಿನಿಂದ ತೆರೆಯುವ ಹಿಡಿಕೆ ಇರಬೇಕಾದ ಜಾಗದಲ್ಲಿ ಎರಡು ತೂತುಗಳಿದ್ದವು. ಯಾರೋ ಸ್ಕ್ರೂ ಬಿಚ್ಚಿ ಒಯ್ದಿದ್ದರು. ಅಚ್ಚುಕಟ್ಟಾದ ಕೆಲಸ. ಗೋಡೆಯ ಮೇಲಿನ ಅಂಕಿ ನಲವತ್ತೊಂಬತ್ತಾಯಿತು... ಐವತ್ತಾಯಿತು.

ನನಗೆ ಅರವತ್ಮೂರು ವರ್ಷ. ಆ ವಯಸ್ಸಿನವರನ್ನು ಬೇಯಿಸಲು ಯಾರೂ ಮುಂದಾಗುವುದಿಲ್ಲ. ಬೇಯಲು ಬಹಳ ಹೊತ್ತು ಹಿಡಿಯುತ್ತದೆ.

ಎಲ್ಲಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ, ಕೇಳಿ. ಸೈನಿಕರ ಬಟ್ಟೆಯನ್ನು ಪರೀಕ್ಷಿಸುವ ಲ್ಯಾಬ್ ಅದು. ಬೆಂಕಿ ತಡೆಯುವ ಸೂಟು, ಜಾರದ ಬೂಟು, ಹಿಮಕ್ಕೆ ಕೋಟು, ಎಲ್ಲವೂ ಅಲ್ಲಿಗೆ ಬರುತ್ತವೆ. ಜೊತೆಗೆ ಮನುಷ್ಯರೂ ಬರುತ್ತಾರೆ. ಬಿಸಿ ಕೋಣೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ, ಎಷ್ಟು ಹೊತ್ತಿಗೆ ದಣಿಯುತ್ತಾರೆ, ಎಷ್ಟು ಬೆವರುತ್ತಾರೆ ಎಂದು ಬರೆದಿಡುತ್ತಾರೆ. ಆ ಕಟ್ಟಡದ ಕಾವಲು ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ತನಿಖೆ ಮಾಡಿದವನು. ನಿವೃತ್ತಿಯಾದ ಮೇಲೂ ಕರೆಯುತ್ತಿದ್ದರು. ಈ ಸಲದ ವಿಚಾರಣೆ ನನ್ನ ಭಾವನದೇ ಆದ್ದರಿಂದ ದೂರ ಇಟ್ಟಿದ್ದರು. ಪಾಸ್ ಕಿತ್ತುಕೊಳ್ಳಲು ಮಾತ್ರ ಮರೆತಿದ್ದರು.

ಭಾವ, ಅಂದರೆ ನನ್ನ ಅಕ್ಕನ ಗಂಡ, ಆ ಲ್ಯಾಬಿನ ದರ್ಜಿ.

ಲ್ಯಾಬಿಗೆ ದರ್ಜಿ ಏಕೆ ಎಂದು ಕೇಳಬೇಡಿ. ಅಲ್ಲೊಂದು ಬೊಂಬೆ ಇದೆ. ಆಳೆತ್ತರ, ಮೈತುಂಬ ಸೆನ್ಸರ್. ಸೂಟು ತೊಡಿಸಿ ನಾಲ್ಕು ಸೆಕೆಂಡು ಬೆಂಕಿ ಹಾಯಿಸಿದರೆ, ಒಳಗಿದ್ದ ಮನುಷ್ಯನಿಗೆ ಎಲ್ಲೆಲ್ಲಿ ಸುಡುತ್ತಿತ್ತು ಎಂದು ತೋರಿಸುತ್ತದೆ. ಸೂಟು ಅದರ ಮೈಗೆ ಸರಿಯಾಗಿ ಕೂರಬೇಕು. ಕೂರಿಸುವವರು ಭಾವ. ಬೊಂಬೆಗೆ ಅಳಿಯ ಎಂದು ಹೆಸರಿಟ್ಟವರೂ ಅವರೇ. ವಾರಕ್ಕೊಂದು ಹೊಸ ಬಟ್ಟೆ, ನಿಂತಲ್ಲಿಗೆ ಉಪಚಾರ, ಕೆಲಸವಿಲ್ಲ, ಮಾತಿಲ್ಲ.

"ನಾನೂ ನಿಮ್ಮನೆ ಅಳಿಯನೇ ಕಣೋ" ಎನ್ನುತ್ತಿದ್ದರು ನನಗೆ. "ಇವನಿಗೆ ಸಿಕ್ಕಷ್ಟು ಹೊಸ ಬಟ್ಟೆ ನಿಮ್ಮಪ್ಪ ನನಗೆ ಕೊಡಲಿಲ್ಲ. ಬೆಂಕಿ ಹಚ್ಚಲಿಲ್ಲ ಅನ್ನೋದೊಂದೇ ಸಮಾಧಾನ."

ಆರು ವಾರದ ಹಿಂದೆ ಅಳಿಯನಿಗೆ ಒಂದು ಹೊಸ ಸೂಟು ತೊಡಿಸಿದರು. ಬೆಂಕಿ ಕೋಣೆಯಲ್ಲಿ ಇದ್ದವರು ಇಬ್ಬರೇ. ತೊಡಿಸಿದ ಭಾವ, ಗುಂಡಿ ಒತ್ತಿದ ಪರೀಕ್ಷಾ ವಿಭಾಗದ ಮುಖ್ಯಸ್ಥ. ಈ ಮುಖ್ಯಸ್ಥನಿಗೆ ಇಸ್ತ್ರಿ ಎಂದು ಅಡ್ಡಹೆಸರು. ಬೆಂಕಿ ಕೋಣೆಯಿಂದ ಹೊರಬಂದರೂ ಅವನ ಅಂಗಿಯ ಗೆರೆ ಮುರಿಯುತ್ತಿರಲಿಲ್ಲ. ಅಂದು ಬೆಂಕಿ ಹಾಯಿಸಿದ ಮೂರನೆಯ ಸೆಕೆಂಡಿಗೆ ಸೂಟಿನ ಭುಜದ ಹೊಲಿಗೆ ಬಾಯಿ ಬಿಟ್ಟಿತು. ಭಾವ ಕಣ್ಣಾರೆ ಕಂಡರು. ಮರುದಿನ ನೋಡಿದರೆ ವರದಿಯಲ್ಲಿ ಪಾಸ್! ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಭುಜ ಗಟ್ಟಿಯಾಗಿದ್ದ, ಅಲ್ಲಲ್ಲಿ ಹದವಾಗಿ ಸುಟ್ಟ ಸೂಟು. ಸೆನ್ಸರ್ ದಾಖಲೆ ಅಳಿಸಿಹೋಗಿತ್ತಂತೆ. ಕಂಪ್ಯೂಟರ್ ಕೆಟ್ಟಿತ್ತಂತೆ.

ಅದು ಬೇರೆ ಸೂಟು ಎಂದರು ಭಾವ. ದರ್ಜಿ ಸುಳ್ಳು ಹೇಳುತ್ತಾನೆ ಎಂದ ಇಸ್ತ್ರಿ. ಸೂಟು ತಯಾರಿಸುವ ಕಂಪನಿಯಲ್ಲಿ ನಿವೃತ್ತಿಯ ನಂತರ ಅವನಿಗೊಂದು ಕುರ್ಚಿ ಕಾದಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದಕ್ಕೆ ಸಾಕ್ಷಿ ಇರುವುದಿಲ್ಲ.

ಭಾವನನ್ನು ಮನೆಗೆ ಕಳಿಸಿದರು. ನಾನು ಬಿಸಿ ಕೋಣೆಯಲ್ಲಿ ಸಿಕ್ಕಿಬಿದ್ದ ದಿನ ಸಂಜೆ ನಾಲ್ಕಕ್ಕೆ ವಿಚಾರಣಾ ಸಮಿತಿಯ ಕೊನೆಯ ಸಭೆ. ಸಹಿ ಬಿದ್ದರೆ ಸೂಟುಗಳು ಸೈನಿಕರ ಮೈಗೆ, ಸುಳ್ಳುಗಾರ ಎಂಬ ಹೆಸರು ಭಾವನ ಫೈಲಿಗೆ.

ಹರಿದ ಸೂಟನ್ನು ಹುಡುಕಲು ಆ ಮರೆತ ಪಾಸ್ ತೋರಿಸಿ ಲ್ಯಾಬಿಗೆ ಬಂದಿದ್ದೆ. ಮಧ್ಯಾಹ್ನ ಅಲ್ಲಿನ ಒಳಫೋನಿನಲ್ಲಿ ಒಂದು ದನಿ ಬಂತು. ಹರಿದ ಸೂಟು ಬಿಸಿ ಕೋಣೆಯ ಟ್ರೆಡ್‌ಮಿಲ್ ಕೆಳಗಿದೆ ಎಂದಿತು. ಮೂವತ್ತೊಂದು ವರ್ಷದ ಅನುಭವಿ ನಾನು ನೆಟ್ಟಗೆ ಹೋಗಿ ಒಳಗೆ ಕಾಲಿಟ್ಟೆ. ಇಲಿಯಾದರೂ ಬೋನಿನ ಹೊರಗೆ ಒಮ್ಮೆ ಮೂಸಿ ನೋಡುತ್ತದೆ.

ಐವತ್ತೆರಡು...

ನೆಲದ ಮೇಲೆ ಕುಳಿತೆ. ದೇವರ ನಾಮ ಹೇಳಿಕೊಂಡೆ. ಹನ್ನೆರಡನೆಯ ಸಲಕ್ಕೆ ಬಾಗಿಲು ತೆರೆಯಿತು.

ತೆರೆದವರು ಲ್ಯಾಬಿನ ಡಾಕ್ಟರಮ್ಮ. ಖಾಲಿ ಇರಬೇಕಾದ ಕೋಣೆಯಲ್ಲಿ ತೇವಾಂಶ ಏರುತ್ತಿರುವುದನ್ನು ಪರದೆಯಲ್ಲಿ ಕಂಡರಂತೆ. ಗೋಡೆ ಬೆವರುವುದಿಲ್ಲವಲ್ಲ ಎಂದು ಓಡಿ ಬಂದಿದ್ದರು. ನೀರು ಕುಡಿಸಿದರು. ಅಭ್ಯಾಸಬಲದಿಂದ ತಕ್ಕಡಿಯ ಮೇಲೂ ನಿಲ್ಲಿಸಿದರು. ಆ ಕೋಣೆಯಿಂದ ಹೊರಬಂದವರನ್ನು ತೂಗದೆ ಬಿಡುವ ಪದ್ಧತಿ ಇಲ್ಲ. ನನಗೆ ಗೊತ್ತಿದ್ದ ತೂಕಕ್ಕಿಂತ ಏಳುನೂರು ಗ್ರಾಂ ಕಡಿಮೆ ಇದ್ದೆ.

ಅವರು ಅಂಕಿಯನ್ನು ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲೇ ನಿಂತಿತು.

"ಕೂತ್ಕೊಳ್ಳಿ" ಎಂದರು. "ನಿಮ್ಮಕ್ಕ ಫೋನ್ ಮಾಡಿದ್ರು. ನಿಮ್ಮ ಭಾವ... ಎರಡು ಗಂಟೆಗೆ. ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಹಾಗೇ."

ಕೂರಲಿಲ್ಲ. ಕೂತರೆ ಏಳುವುದಿಲ್ಲ ಎಂದು ಗೊತ್ತಿತ್ತು. ನನ್ನ ಫೋನು ನಿಯಮದಂತೆ ಗೇಟಿನಲ್ಲೇ ಉಳಿದಿತ್ತು. ಅವರ ಮೇಜಿನ ಫೋನಿನಿಂದ ಅಕ್ಕನಿಗೆ ಕರೆ ಮಾಡಿದೆ. ಈಗಲೇ ಬರುತ್ತೇನೆ ಎಂದೆ. ಅಕ್ಕ ಅಳುತ್ತಿರಲಿಲ್ಲ.

"ಯಾಕೆ ಬರ್ತೀಯ?" ಎಂದಳು. "ಅವರೇನೂ ಎದ್ದು ಹೋಗಲ್ಲ. ನಾಲ್ಕು ಗಂಟೆ ಕೆಲಸ ಮುಗಿಸ್ಕೊಂಡು ಬಾ. ಸುಳ್ಳುಗಾರ ಅನ್ನಿಸ್ಕೊಂಡವರನ್ನ ನಾನು ಮನೆಯಿಂದ ಎತ್ತೋಕೆ ಬಿಡಲ್ಲ."

ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

ಈಗ ನಿಮಗೊಂದು ನಿಜ ಹೇಳಬೇಕು. ಹರಿದ ಸೂಟು ನನಗೆ ಬೇಕಾಗಿಯೇ ಇರಲಿಲ್ಲ. ಭಾವನ ಮಾತು ಸತ್ಯ ಎಂದು ತೋರಿಸುವ ಸಾಕ್ಷಿ ಆರು ವಾರದಿಂದ ನನ್ನ ಬಾಯಲ್ಲೇ ಇತ್ತು. ಉಗುಳಲು ಧೈರ್ಯವಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಳಿಯನನ್ನು ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ನಾಲ್ಕು ಜನ, ಮರದ ಪೆಟ್ಟಿಗೆ, ಲಿಫ್ಟು... ಇದು ನಿಯಮ. ಕಾವಲಿನ ಹೊಣೆ ನನ್ನದು. ನನಗೆ ಅವಸರ. ನಾವಿಬ್ಬರೇ ಸಾಕು, ಮೆಟ್ಟಿಲಲ್ಲೇ ಇಳಿಸೋಣ ಎಂದು ಭಾವನನ್ನು ಒಪ್ಪಿಸಿದೆ. ಒಂಬತ್ತನೆಯ ಮೆಟ್ಟಿಲಲ್ಲಿ ನನ್ನ ಕೈ ಜಾರಿತು. ಅಳಿಯ ಕೆಳಗೆ ಬಿದ್ದ. ಎಡಗೈ ಮುರಿಯಿತು.

ನನ್ನ ಕೆಲಸ ಹೋಗುತ್ತಿತ್ತು. ಭಾವ ರಾತ್ರಿಯೆಲ್ಲ ಕುಳಿತು ಕೈ ಅಂಟಿಸಿದರು. ತಂತಿಗಳು ಕೂಡಿಕೊಂಡವು, ಸೆನ್ಸರ್‌ಗಳು ಕೆಲಸ ಮಾಡಿದವು. ಕೈ ಮಾತ್ರ ಎರಡು ಬೆರಳಿನ ಅಗಲದಷ್ಟು ಗಿಡ್ಡವಾಯಿತು.

"ಅಳಿಯನ ಕೈ ಗಿಡ್ಡ ಆದ್ರೆ ಮದುವೆ ನಿಲ್ಲಲ್ಲ" ಎಂದಿದ್ದರು ಅಂದು. "ತೋಳು ನಾನು ಚಿಕ್ಕದು ಮಾಡ್ಕೋತೀನಿ. ನೀನು ಬಾಯಿ ಚಿಕ್ಕದು ಮಾಡ್ಕೋ."

ಅಂದಿನಿಂದ ಅಳಿಯನ ಮೈಗೇರಿದ ಪ್ರತಿ ಸೂಟಿನ ಎಡತೋಳನ್ನೂ ಅವರು ಎರಡು ಬೆರಳು ಒಳಕ್ಕೆ ಮಡಿಸಿ ಹೊಲಿದರು. ಯಾರಿಗೂ ತಿಳಿಯಲಿಲ್ಲ. ಬೆವರಿನ ಹನಿಯನ್ನೂ ತೂಗುವ ಕಟ್ಟಡ ಅದು. ಅಳಿಯನ ಕೈ ಅಳೆದವರು ಯಾರೂ ಇಲ್ಲ.

ಇಸ್ತ್ರಿಗೂ ತಿಳಿಯದು. ಭಾವನ ಕೈಗೆ ಕೊಡದೆ ಅವನು ಬದಲಿಗೆ ಇಟ್ಟ ಸೂಟಿನ ತೋಳುಗಳು ಸಮ ಇರಲೇಬೇಕು.

ಭಾವ ಸಮಿತಿಯ ಮುಂದೆ ಒಂದೇ ಬೇಡಿಕೆ ಇಟ್ಟಿದ್ದರು. ಪೆಟ್ಟಿಗೆ ತೆರೆದು ತೋಳು ತೋರಿಸಿ ಎಂದು. ಏಕೆ ಎಂದು ಕೇಳಿದರೆ ಹೇಳಲಿಲ್ಲ. ಹೇಳಿದರೆ ನನ್ನ ಹೆಸರು ಹೊರಬರುತ್ತಿತ್ತು. ಕಾರಣ ಹೇಳದವನಿಗೆ ಬೀಗ ತೆರೆಯುವುದಿಲ್ಲ ಎಂದು ಸಮಿತಿ ಭುಜದ ಫೋಟೋ ತೋರಿಸಿ ಕಳಿಸಿತು.

ಅವರು ತೀರಿಕೊಂಡ ಹಿಂದಿನ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಟೇಪು ಹಿಡಿದು ನನ್ನನ್ನು ನಿಲ್ಲಿಸಿ, ನಿನಗೊಂದು ಅಂಗಿ ಹೊಲಿಯುತ್ತೇನೆ ಎಂದು ಭುಜ ಅಳೆದರು, ಕೈ ಅಳೆದರು.

"ಅಳಿಯನ ಕೈ ನೆನಪಿದೆಯೇನೋ ಪತ್ತೇದಾರ?"

ನಾನು ಗಡಿಯಾರ ನೋಡಿದೆ. ಹೊತ್ತಾಯಿತು ಎಂದೆ. ಅವರು ನಕ್ಕರು. ಮತ್ತೆ ಕೇಳಲಿಲ್ಲ.

ಅಷ್ಟೇ. ನನ್ನ ಮೂವತ್ತೊಂದು ವರ್ಷದ ಪತ್ತೇದಾರಿಕೆ ಅಷ್ಟೇ.

ಡಾಕ್ಟರಮ್ಮ ಉಗ್ರಾಣಕ್ಕೆ ಓಡಿದರು. ಹಳೆಯ ಪರೀಕ್ಷೆಯ ಎರಡು ಸೂಟು, ಜೊತೆಗೆ ಅಳಿಯ, ಇಷ್ಟನ್ನು ಸಮಿತಿಯ ಕೋಣೆಗೆ ತರಬೇಕು ಎಂದು ಬೇಡಿಕೊಂಡಿದ್ದೆ. ನಾನು ಓಣಿಗೆ ಬಂದೆ.

ಓಣಿಯ ತುಂಬ ಪೈಲ್ವಾನ್ ನಿಂತಿದ್ದ.

ಬೆಂಕಿ ಕೋಣೆಯ ಸಹಾಯಕ, ಇಸ್ತ್ರಿಯ ಕೈಕೆಳಗಿನವನು. ಬಾಗಿಲಿಗಿಂತ ಅಗಲ. ಅವನ ಜೇಬಿನಿಂದ ಸ್ಕ್ರೂಡ್ರೈವರ್ ಇಣುಕುತ್ತಿತ್ತು. ಒಳ್ಳೆಯ ನಡವಳಿಕೆಯ ಮನುಷ್ಯ, ಮೊದಲು ನಮಸ್ಕಾರ ಮಾಡಿದ.

"ಸಾಹೇಬ್ರೆ, ನಿಮ್ಮನ್ನ ಹಿಡಿದಿಟ್ಕೋ ಅಂದಿದ್ದಾರೆ."

"ಎಷ್ಟು ಹೊತ್ತು?"

"ನಾಲ್ಕೂವರೆ ತನಕ. ಆಮೇಲೆ ನಾನೇ ಮನೆಗೆ ಬಿಡ್ತೀನಿ."

"ತೊಂದರೆ ತಗೋಬೇಡ" ಎಂದು ಓಡಿದೆ.

ಅರವತ್ಮೂರರ ಓಟವನ್ನು ಓಟ ಎನ್ನುವುದು ಉಪಚಾರದ ಮಾತು. ಅವನು ನಡೆದೇ ಬರುತ್ತಿದ್ದ. ಎಡಕ್ಕೆ ತಿರುಗಿ ಬೂಟು ಪರೀಕ್ಷೆಯ ಹಜಾರಕ್ಕೆ ನುಗ್ಗಿದೆ. ಅಲ್ಲೊಂದು ಉಕ್ಕಿನ ಇಳಿಜಾರಿದೆ. ಸಾಬೂನು ನೀರು ಸದಾ ಹರಿಯುತ್ತಿರುತ್ತದೆ. ಯಾವ ಬೂಟು ಎಲ್ಲಿ ಜಾರುತ್ತದೆ ಎಂದು ನೋಡುವ ಜಾಗ. ಅಂಚಿನಲ್ಲಿ ಒಂದು ಗೇಣು ಒಣ ಪಟ್ಟಿ ಇದೆ. ಅದು ಕಾವಲಿನವರಿಗೆ ಗೊತ್ತು. ಬೆಂಕಿ ಕೋಣೆಯವರಿಗೆ ಗೊತ್ತಿಲ್ಲ.

ನಾನು ಅಂಚು ಹಿಡಿದು ದಾಟಿದೆ. ಅವನು ನಡುವೆ ಕಾಲಿಟ್ಟ.

ಶಬ್ದ ದೊಡ್ಡದಾಗಿತ್ತು. ಏಳಲು ಹೋದ, ಮತ್ತೆ ಬಿದ್ದ. ಮೂರನೆಯ ಸಲ ಸುಮ್ಮನೆ ಮಲಗಿ ದಯನೀಯವಾಗಿ ನನ್ನನ್ನು ನೋಡಿದ.

"ಬೂಟು ಬಿಚ್ಚಿ ತೆವಳ್ಕೊಂಡು ಬಾ" ಎಂದೆ. "ನಾಲ್ಕೂವರೆ ಆಗುತ್ತೆ."

ಸಮಿತಿಯ ಕೋಣೆ ಸೇರಿದಾಗ ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದಿದ್ದರು. ಹಿರಿಯ ವಿಜ್ಞಾನಿ, ಮಾತು ಕಡಿಮೆ. ಪಕ್ಕದಲ್ಲಿ ಇಬ್ಬರು ಸದಸ್ಯರು, ಎದುರಿಗೆ ಇಸ್ತ್ರಿ, ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ನನ್ನನ್ನು ಕಂಡು ಇಸ್ತ್ರಿಯ ಮುಖ ಒಂದು ಕ್ಷಣ ಸುಕ್ಕಾಯಿತು. ಕೂಡಲೇ ಸರಿಮಾಡಿಕೊಂಡ. ಸುದ್ದಿ ತಿಳಿಯಿತು, ತುಂಬ ಸಂಕಟವಾಯಿತು ಎಂದ. ಆ ಸಂಕಟಕ್ಕೂ ಇಸ್ತ್ರಿ ಹಾಕಿದಂತಿತ್ತು.

ಪೆಟ್ಟಿಗೆ ತೆರೆಯಬೇಕು ಎಂದೆ. ಕಾರಣ ಏನು ಎಂದು ಅಧ್ಯಕ್ಷೆ ಕೇಳಿದರು.

ಹೇಳಿದೆ. ಮೆಟ್ಟಿಲು, ಅವಸರ, ಜಾರಿದ ಕೈ, ಮುಚ್ಚಿಟ್ಟ ಹನ್ನೊಂದು ವರ್ಷ. ಯಾವುದನ್ನೂ ಮಡಿಸಿ ಹೊಲಿಯಲಿಲ್ಲ.

ಇಸ್ತ್ರಿ ತನ್ನ ಅಂಗಿಯ ಎಡತೋಳನ್ನು ಎಳೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ ಎಂದು ಕೇಳಿದ್ದೆ. ತೋಳು ಮುಟ್ಟಿಕೊಂಡವನನ್ನು ಅಂದೇ ಕಂಡದ್ದು.

ಅಷ್ಟರಲ್ಲಿ ಚಕ್ರದ ಗಾಡಿಯ ಮೇಲೆ ಅಳಿಯ ಬಂದ. ಹಿಂದೆ ಏದುಸಿರು ಬಿಡುತ್ತ ಡಾಕ್ಟರಮ್ಮ. ಎರಡು ಹಳೆಯ ಸೂಟುಗಳನ್ನು ಮೇಜಿನ ಮೇಲೆ ಹರಡಿದರು. ಎರಡರ ಎಡತೋಳೂ ಎರಡು ಬೆರಳು ಗಿಡ್ಡ. ಒಳಗೆ ಭಾವನ ಸಣ್ಣ ಹೊಲಿಗೆ, ಇರುವೆ ಸಾಲಿನ ಹಾಗೆ. ಆಮೇಲೆ ಅಧ್ಯಕ್ಷೆ ಬೀಗ ತೆರೆದು ಸುಟ್ಟ ಸೂಟನ್ನು ತಾವೇ ಅಳಿಯನಿಗೆ ತೊಡಿಸಿದರು. ಬಲತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಎಡತೋಳು ಅಂಗೈ ಮೇಲೆ ಇಳಿಬಿತ್ತು, ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ.

ಬೆಂಕಿಗೆ ತೋಳು ಹಿಗ್ಗಿರಬಹುದು ಎಂದ ಇಸ್ತ್ರಿ.

"ಒಂದೇ ತೋಳಾ?" ಎಂದರು ಅಧ್ಯಕ್ಷೆ.

ಅದೇ ಹೊತ್ತಿಗೆ ಬಾಗಿಲಲ್ಲಿ ಪೈಲ್ವಾನ್ ಕಾಣಿಸಿಕೊಂಡ. ಬರಿಗಾಲು, ಮೈಯೆಲ್ಲ ನೊರೆ. ಸಾಹೇಬರು ತಪ್ಪಿಸಿಕೊಂಡರು, ಹಿಡಿಕೆಯನ್ನು ವಾಪಸ್ ಹಾಕಬೇಕೇ ಎಂದು ಇಸ್ತ್ರಿಯನ್ನು ಬಹಳ ವಿನಯದಿಂದ ಕೇಳಿದ. ಯಾವ ಹಿಡಿಕೆ ಎಂದು ಅಧ್ಯಕ್ಷೆ ಕೇಳಿದರು. ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

ಮುಂದಿನದನ್ನು ಕಾವಲಿನವರು ನೋಡಿಕೊಂಡರು. ಇಸ್ತ್ರಿಯ ಅಂಗಿ ಮೊದಲ ಸಲ ಮುದುಡಿದ್ದು ಆಗಲೇ. ಸೂಟುಗಳು ಹೊರಡಲಿಲ್ಲ. ಅಧ್ಯಕ್ಷೆ ಭಾವನ ಫೈಲು ತೆಗೆದುಕೊಂಡು, ಇವರು ಹೇಳಿದ್ದು ಸತ್ಯ ಎಂದು ಸ್ವಂತ ಕೈಬರಹದಲ್ಲಿ ಬರೆದು ಸಹಿ ಹಾಕಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಪಾಸ್ ಬಿಚ್ಚಿ ಕೊಟ್ಟೆ. ನ್ಯಾಯವಾದ ಮಾತು.

ಆರು ಗಂಟೆಗೆ ಮನೆ ಸೇರಿದೆ. ಭಾವನನ್ನು ಮಲಗಿಸಿದ್ದರು. ಮುಖದಲ್ಲಿ ಅದೇ ಕಳ್ಳನಗೆಯ ಅಂಚು. ನಾನು ಅಕ್ಕನ ಕಿವಿಯಲ್ಲಿ ನಡೆದದ್ದನ್ನು ಹೇಳಿದೆ. ಅವಳು ತಲೆಯಾಡಿಸಿದಳು. ಅವರ ಹಣೆ ಸವರಿ, ಕೇಳಿಸಿತಾ ಎಂದಳು. ಆಗ ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಒಂದು ಅಂಗಿ ತಂದು ನನ್ನ ಕೈಗಿಟ್ಟಳು. ಬಿಳಿಯ ಹತ್ತಿ ಬಟ್ಟೆ. ಕೊನೆಯ ಗುಂಡಿ ಹಾಕಿ ದಾರ ಕಡಿದವರು ಹಾಗೆಯೇ ಮೆಷಿನ್ ಮೇಲೆ ತಲೆಯಿಟ್ಟರಂತೆ. ನನ್ನ ಬೆವರಿನ ಅಂಗಿ ಕಳಚಿ ಅದನ್ನು ತೊಟ್ಟೆ. ಭುಜ ಸರಿ. ಎದೆ ಸರಿ. ಬಲತೋಳು ಸರಿ.

ಎಡತೋಳು ಎರಡು ಬೆರಳು ಗಿಡ್ಡ.

"ಪಾಪ, ಕಣ್ಣು ಮಂಜಾಗಿತ್ತೇನೋ" ಎಂದಳು ಅಕ್ಕ.

ನನಗೆ ನಗು ಬಂತು. ಸಾವಿನ ಮನೆಯಲ್ಲಿ, ಅಷ್ಟು ಜನರ ನಡುವೆ, ಬಾಯಿ ಮುಚ್ಚಿಕೊಂಡು ನಕ್ಕೆ. ಕಣ್ಣೀರು ಬಂದದ್ದರಿಂದ ಯಾರೂ ತಪ್ಪು ತಿಳಿಯಲಿಲ್ಲ.

ಆಮೇಲೆ ಅವರ ಪಾದದ ಬಳಿ ಕುಳಿತು ಕೈಮುಗಿದೆ. ದೇವರೇ, ನಮ್ಮ ಮನೆಯ ಅಳಿಯ ನಿನ್ನ ಮನೆಗೆ ಬಂದಿದ್ದಾರೆ. ಸತ್ಯವಂತರು, ಬೇರೆಯವರ ತಪ್ಪನ್ನು ತಮ್ಮ ಹೊಲಿಗೆಯಲ್ಲಿ ಮುಚ್ಚಿದವರು. ಅವರ ಆತ್ಮಕ್ಕೆ ಶಾಂತಿ ಕೊಡು. ಒಳ್ಳೆಯ ಬೆಳಕಿರುವ ಕಡೆ ಕೂರಿಸು.

ಅವರ ಕೈಯಲ್ಲಿ ನೀನೇನಾದರೂ ಅಂಗಿ ಹೊಲಿಸಿಕೊಂಡರೆ, ಎಡತೋಳನ್ನು ಒಮ್ಮೆ ಅಳೆದು ನೋಡಿಕೋ, ತಂದೆ.