ಅಮ್ಮಾವ್ರಿಗೊಂದು ಸಕ್ಕರೆ ತುಂಡು

ಓಮ್ಸ್ಕ್ ಸ್ಟೇಷನ್ನಿನಲ್ಲಿ ಗಾಡಿ ನಿಂತಿತ್ತು. ಬೋಗಿ ನೋಡಿಕೊಳ್ಳುವ ಹುಡುಗಿ ರಿಮ್ಮಾ ಒದ್ದೆ ಬಟ್ಟೆಯಿಂದ ಅದರ ಬಾಗಿಲಿನ ಹಿಡಿಕಂಬಿ ಒರೆಸುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ. ಬಟ್ಟೆ ಕಪ್ಪಾಯಿತು. ಮಡಚಿ, ಬಿಳಿ ಮಗ್ಗುಲಿನಿಂದ ಮತ್ತೆ ಒರೆಸಿದಳು.

ತಟ್ಟನೆ ಅವಳ ಕೈಯ ಮೇಲೆ ಇನ್ನೊಂದು ಕೈ ಬಿತ್ತು!

ದೊಡ್ಡ ಕೈ. ಬೆಚ್ಚಗಿನ ಕೈ.

"ಅಯ್ಯೋ! ಕ್ಷಮಿಸಿ... ಕಂಬಿ ಅಂದ್ಕೊಂಡೆ."

ರಿಮ್ಮಾ ತಲೆಯೆತ್ತಿದಳು. ಪಾದದವರೆಗೆ ಇಳಿಬಿದ್ದ ಕಪ್ಪು ಕೋಟು, ಎದೆಯವರೆಗೆ ಗಡ್ಡ, ಗಡ್ಡದ ಮೇಲೆ ಎರಡು ಹೆದರಿದ ಕಣ್ಣು. ಒಂದು ಕೈ ಅವಳ ಕೈಯ ಮೇಲಿದ್ದರೆ ಇನ್ನೊಂದು ಕೈಯನ್ನು ತನ್ನ ಎದೆಗೇ ಒತ್ತಿ ಹಿಡಿದಿದ್ದ.

"ಟಿಕೆಟ್..." ಅಂದಳು ರಿಮ್ಮಾ. ಧ್ವನಿ ಅವಳಿಗೇ ಕೇಳಿಸಲಿಲ್ಲ.

ಅವನ ಹೆಸರು ತೀಖನ್. ಇಳಿಯುವುದು ಲಿಪ್ಕಿಯಲ್ಲಿ, ಮಾರನೆಯ ದಿನ. 'ಗಾಡಿ ಅಲ್ಲಿ ನಿಲ್ಲೋದೇ ಎರಡು ನಿಮಿಷ' ಎಂದು ಯಾಕೋ ಅವಳ ಮನಸ್ಸಿಗೆ ಬಂತು. ಆ ಕೈ ಇನ್ನೂ ಅಲ್ಲೇ ಇತ್ತು!

ಅವನ ಹಿಂದೆ ಮೂರು ಗಂಟು, ಒಂದು ಜಾಡಿ ಹಿಡಿದು ಪೆಲಗೇಯಾ ಅಜ್ಜಿ ಏದುಸಿರು ಬಿಡುತ್ತ ನಿಂತಿದ್ದಳು. ಕಪ್ಪು ಕೋಟು ನೋಡಿದಳು. ಗಡ್ಡ ನೋಡಿದಳು. ಎದೆಯ ಮೇಲಿನ ಕೈ ನೋಡಿದಳು. ಗಂಟುಗಳನ್ನೆಲ್ಲ ಅಲ್ಲೇ ಕೆಡವಿ ತಲೆ ಬಗ್ಗಿಸಿದಳು.

"ಗುರುಗಳೇ, ಆಶೀರ್ವಾದ ಮಾಡ್ರಪ್ಪಾ!"

"ನಾನು... ಅಜ್ಜೀ, ನಾನು ಪಾದ್ರಿ ಅಲ್ಲ..."

"ನೋಡಿ, ಎಂಥಾ ವಿನಯ!" ಅಂದಳು ಅಜ್ಜಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ. "ನಮ್ಮೂರಿನ ಪಾದ್ರಿಗೂ ಇಷ್ಟು ವಿನಯ ಇಲ್ಲ!"

ಅಷ್ಟೇ. ಗಾಡಿ ಹೊರಡುವಷ್ಟರಲ್ಲಿ ಬೋಗಿಯಲ್ಲಿ ಗುರುಗಳಿದ್ದಾರೆ ಎಂಬ ಸುದ್ದಿ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು. ಬಾಗಿಲು ಗೋಡೆಗಳಿಲ್ಲದ ಸಾಲುಮಂಚದ ಬೋಗಿ ಅದು. ಒಬ್ಬರು ಸೀನಿದರೆ ಐವತ್ತು ಜನ ಆಯುಷ್ಯ ಹಾರೈಸುವ ಜಾಗ.

ಬೇಯಿಸಿದ ಮೊಟ್ಟೆ ಬಂತು. ಕೋಳಿ ಕಾಲು ಬಂತು. ಮೇಲಿನ ಬರ್ತಿನ ಸಿಪಾಯಿ ತನ್ನ ಹುಡುಗಿ ಇನ್ನೊಬ್ಬನ ಜೊತೆ ಓಡಾಡುತ್ತಿರುವುದನ್ನು ಹೇಳಿಕೊಂಡು ಅತ್ತ. ಅಜ್ಜಿಯಂತೂ ಪರದೆ ಎಳೆದಷ್ಟು ಗುಟ್ಟಾಗಿ, ಆದರೆ ಎಲ್ಲರಿಗೂ ಕೇಳುವಂತೆ, ತನ್ನ ಪಾಪ ಒಪ್ಪಿಸಿದಳು.

"ಪಕ್ಕದ್ಮನೆ ನೀನಾಳ ಸೌತೆಕಾಯಿ ಉಪ್ಪಿನಕಾಯಿ ಊರಿಗೇ ಹೆಸರಾಗಿತ್ತು ಗುರುಗಳೇ. ನನಗೆ ಹೊಟ್ಟೆಕಿಚ್ಚು. ಅವಳ ಜಾಡಿಗೆ... ಸಕ್ಕರೆ ಸುರಿದುಬಿಟ್ಟೆ!"

"ಅಜ್ಜೀ, ನಾನು ನಿಜವಾಗಿಯೂ..."

"ಬೈಬೇಡಿ! ಕ್ಷಮಿಸಿದೆ ಅಂತ ಒಂದ್ಮಾತು ಹೇಳಿ, ಸಾಕು!"

"ಕ್ಷಮಿಸಿದೆ," ಅಂದ ತೀಖನ್, ಬೇರೆ ದಾರಿ ಕಾಣದೆ.

ಕುದಿನೀರಿನ ಬಾಯ್ಲರ್ ಹತ್ತಿರ ನಿಂತು ಚಹಾ ಬಗ್ಗಿಸುತ್ತಿದ್ದ ರಿಮ್ಮಾಳ ತುಟಿ ನಗುವಿಗೆ ಅರಳಿತು. ಅವಳು ಓದನ್ನು ಅರ್ಧಕ್ಕೆ ಬಿಟ್ಟು ರೈಲಿನ ಕೆಲಸ ಹಿಡಿದವಳು. ಮಾತು ಕಡಿಮೆ, ನೋಟ ಜಾಸ್ತಿ. ಚಮಚ ತಿರುಗಿಸುವ ರೀತಿ ನೋಡಿಯೇ ಯಾರು ಆ ಚಮಚವನ್ನು ಜೇಬಿಗಿಳಿಸುತ್ತಾರೆಂದು ಹೇಳಬಲ್ಲಳು. ಆದರೆ ಈ ಮನುಷ್ಯನ ಒಂದು ಕೈ ಎದೆ ಬಿಟ್ಟು ಇಳಿಯುವುದೇ ಇಲ್ಲವಲ್ಲ... ಯಾಕೆ?

'ಪ್ರಾರ್ಥನೆ ಇರಬೇಕು,' ಅಂದುಕೊಂಡಳು.

ಬರಾಬಿನ್ಸ್ಕ್‌ನಲ್ಲಿ ಗಾಡಿ ನಿಂತಾಗ ಪ್ರಯಾಣಿಕರೆಲ್ಲ ಹೊಗೆಮೀನು ಮಾರುವ ಹೆಂಗಸರತ್ತ ಓಡಿದರು. ರಿಮ್ಮಾ ಎಂದಿನಂತೆ ಕಂಬಿ ಒರೆಸಿ ಬಾಗಿಲಲ್ಲೇ ನಿಂತಳು. ಬಾಗಿಲು ಬಿಟ್ಟು ಕದಲುವಂತಿಲ್ಲ. ಎಷ್ಟೋ ಸಲ ಈ ದಾರಿ ಹಿಡಿದು ಹೋಗಿಬಂದವಳಿಗೆ ಬರಾಬಿನ್ಸ್ಕ್‌ನ ಮೀನಿನ ವಾಸನೆ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ.

ಕಾಗದದಲ್ಲಿ ಸುತ್ತಿದ ಪೊಟ್ಟಣ ಅವಳ ಮೂಗಿನ ಮುಂದೆ ಬಂತು.

"ನಿಮಗೆ," ಅಂದ ತೀಖನ್. "ನೀವು ಬಾಗಿಲು ಬಿಟ್ಟು ಹೋಗೋಹಾಗಿಲ್ವಲ್ಲ... ಅದಕ್ಕೆ."

ಯಾರೂ ಗಮನಿಸಿರಲಿಲ್ಲ ಇದನ್ನು! ಯಾವತ್ತೂ, ಯಾರೂ! ರಿಮ್ಮಾಳ ಕಣ್ಣು ತುಂಬಿತು. ಮೀನಿನ ಹೊಗೆ ಎಂದು ನೆಪ ಹೇಳಿದಳು.

ಮಾರೀನ್ಸ್ಕ್‌ನಲ್ಲಿ ಎಲೆಕೋಸು ತುಂಬಿದ ಬಿಸಿ ಪಿರಷ್ಕಿ ಬಂತು.

"ಏನೇ ಹುಡುಗೀ, ಪಾದ್ರಿ ಮೇಲೆ ಕಣ್ಣು ಹಾಕಿದೀಯಾ?" ಅಂದಳು ಜೀನಾ ಅಕ್ಕ, ಆ ಬೋಗಿಯ ಇನ್ನೊಂದು ಪಾಳಿಯವಳು. ಪಿರಷ್ಕಿಯಲ್ಲಿ ಅರ್ಧ ಅವಳ ಬಾಯಲ್ಲೇ ಇತ್ತು. "ಹುಷಾರು! ನರಕಕ್ಕೆ ಹೋದ್ರೂ ನಿನಗೆ ಮೇಲಿನ ಬರ್ತೇ ಸಿಗೋದು. ಅದೂ ಶೌಚಾಲಯದ ಪಕ್ಕ!"

"ಅಕ್ಕಾ!"

"ಪಾದ್ರಿ ಅಂದ್ಮೇಲೆ ಮನೇಲಿ ಹೆಂಡ್ತಿ ಇರಲೇಬೇಕು ಕಣೇ. ಮದುವೆ ಆಗಿರೋನಿಗೇ ನಮ್ಮಲ್ಲಿ ಆ ಪಟ್ಟ. ಊರೋರೆಲ್ಲ 'ಅಮ್ಮಾವ್ರೇ, ಅಮ್ಮಾವ್ರೇ' ಅಂತ ಕೈಮುಗಿಯೋ ಹೆಂಡ್ತಿ!"

ರಿಮ್ಮಾ ಕಚ್ಚಿದ ಪಿರಷ್ಕಿಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟಳು.

'ಎಲ್ಲ ಪಾದ್ರಿಗಳಿಗೂ ಇರುತ್ತಾ? ಒಬ್ಬರಿಗಾದರೂ ಇರದೇ ಇರಬಹುದಲ್ಲ... ದೇವರೇ, ಒಬ್ಬರಿಗೆ!'

ಮರುದಿನ ಬೆಳಿಗ್ಗೆ ಅವನಿಗೆ ಚಹಾ ತಂದುಕೊಟ್ಟಳು. ತೀಖನ್ ಕಿಟಕಿಗೆ ಮುಖ ಮಾಡಿ ಕುಳಿತಿದ್ದ. ತೀರ ಮೆತ್ತಗಿನ ಧ್ವನಿಯಲ್ಲಿ ಯಾರೊಂದಿಗೋ, ಫೋನಿನಲ್ಲಿ ಎಂಬಂತೆ, ಮಾತಾಡುತ್ತಿದ್ದ.

"ಅಮ್ಮಾವ್ರೇ... ಇವತ್ತೊಂದು ದಿನ ಸಹಿಸ್ಕೊಳ್ಳಿ. ಮನೆ ತುಂಬ ಮಕ್ಕಳು ದಾರಿ ಕಾಯ್ತಿದಾರೆ."

ಅವಳು ಲೋಟವನ್ನು ಟಕ್ಕನೆ ಕೆಳಗಿಟ್ಟಳು!

ಅವನು ಬೆಚ್ಚಿ ತಿರುಗಿದ. ಕೈ ಮತ್ತೆ ಎದೆಗೆ ಹೋಯಿತು. "ಇನ್ನೊಂದು... ಸಕ್ಕರೆ ತುಂಡು ಸಿಗುತ್ತಾ?"

ಅವಳು ಸಕ್ಕರೆಯನ್ನು ಮೇಜಿನ ಮೇಲೆ ಕುಕ್ಕಿ ನಡೆದಳು. ಎರಡು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಅಜ್ಜಿಯ ಮಾತು ಕೇಳಿಸಿತು.

"ಅಮ್ಮಾವ್ರು ಹೇಗಿದಾರೆ ಗುರುಗಳೇ?"

"ಅಜ್ಜೀ! ನಿ... ನಿಮಗೆ ಹೇಗೆ ಗೊತ್ತಾಯ್ತು?!"

"ಗೊತ್ತಾಗ್ದೇ ಇರುತ್ತಾ? ನಾನೇನು ಈ ಲೋಕದಲ್ಲಿ ಇಲ್ವಾ? ಮಕ್ಕಳೆಷ್ಟು?"

"ಅದು... ಲೆಕ್ಕ ಇಟ್ಟಿಲ್ಲ ಅಜ್ಜೀ. ದಿನಾ ಹುಟ್ತಾನೇ ಇರ್ತವೆ."

"ದಿನಾ!" ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡ ಸದ್ದು ಕೂಡ ಕೇಳಿಸಿತು. "ಪಾಪ, ಆ ಹೆಣ್ಣುಮಗಳ ಸೊಂಟ!"

"ಅಜ್ಜೀ, ದಮ್ಮಯ್ಯ. ಆ ರೈಲಿನ ಹುಡುಗಿಗೆ ಮಾತ್ರ ಹೇಳ್ಬೇಡಿ. ರಿಮ್ಮಾ... ಅವರಿಗೆ ಗೊತ್ತಾದ್ರೆ ಎಲ್ಲಾ ಮುಗೀತು!"

ಮುಗಿಯಿತು! ಅಲ್ಲಿಗೇ ಮುಗಿಯಿತು!

ರಿಮ್ಮಾ ತನ್ನ ಪುಟ್ಟ ಕೋಣೆಯ ಬಾಗಿಲು ಹಾಕಿಕೊಂಡು ಚಹಾ ಲೋಟಗಳನ್ನು ಉಜ್ಜಿದಳು. ತೊಳೆದದ್ದನ್ನೇ ತೊಳೆದಳು. 'ಮನೆಯಲ್ಲಿ ಹೆಂಡತಿ, ಲೆಕ್ಕವಿಲ್ಲದ ಮಕ್ಕಳು... ಇಲ್ಲಿ ನನಗೆ ಮೀನು! ಥೂ! ನನಗೇ ಬುದ್ಧಿ ಇಲ್ಲ. ಗಡ್ಡ ನೋಡಿ ಮರುಳಾದೆ. ಮೀನು ನೋಡಿ ಮರುಳಾದೆ...'

ಆದರೆ ಮೀನು ನಿಜಕ್ಕೂ ತುಂಬ ಚೆನ್ನಾಗಿತ್ತು. ಅದನ್ನು ನೆನೆದು ಇನ್ನಷ್ಟು ಅಳು ಬಂತು.

ಕ್ರಸ್ನೋಯಾರ್ಸ್ಕ್‌ನಲ್ಲಿ ಅವನು ಐಸ್‌ಕ್ರೀಮ್ ಹಿಡಿದು ಬಂದು ನಿಂತ. ರಿಮ್ಮಾ ಕಂಬಿ ಒರೆಸುತ್ತಲೇ ಇದ್ದಳು.

"ನಿಮಗೆ..."

"ಕೆಲಸದಲ್ಲಿದೀನಿ."

"ಕರಗ್ತಾ ಇದೆ..."

"ಮನೆಗೆ ತಗೊಂಡ್ಹೋಗಿ. ತಿನ್ನೋರು ಬೇಕಾದಷ್ಟು ಜನ ಇದಾರಲ್ಲ!"

ಅಷ್ಟು ಉದ್ದದ ಮಾತನ್ನು ಅವಳು ಆ ವಾರದಲ್ಲೇ ಆಡಿರಲಿಲ್ಲ. ಐಸ್‌ಕ್ರೀಮ್ ಅವನ ಮೊಣಕೈವರೆಗೆ ಇಳಿಯಿತು. ಅವನಿಗೇನೂ ಅರ್ಥವಾಗಲಿಲ್ಲ. ಅಜ್ಜಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ತಿಂದಳು. ಆಮೇಲೆ ಎರಡು ಲೋಟ ಚಹಾ ಕುಡಿದಳು. ಆ ತಪ್ಪಿನ ಫಲ ಮುಂದೆ ಸಿಗಲಿತ್ತು.

ಲಿಪ್ಕಿ ಹತ್ತಿರ ಬಂತು.

ಸ್ಟೇಷನ್ ಹತ್ತಿರವಾದಾಗ ಶೌಚಾಲಯಗಳಿಗೆ ಬೀಗ ಹಾಕಬೇಕು. ಹಾಕುವ ಮೊದಲು ಬಾಗಿಲು ತಟ್ಟಿ ಕೇಳಬೇಕು. ರಿಮ್ಮಾ ಯಾವತ್ತೂ ಮರೆತವಳಲ್ಲ. ಅವತ್ತು ಕಣ್ಣಲ್ಲಿ ನೀರು ತುಂಬಿ ಬಾಗಿಲೇ ಸರಿಯಾಗಿ ಕಾಣಲಿಲ್ಲ. ಒಂದಕ್ಕೆ ಕೀಲಿ ತಿರುವಿದಳು. ಆ ತುದಿಗೆ ಹೋಗಿ ಇನ್ನೊಂದಕ್ಕೂ ತಿರುವಿದಳು.

"ತಂಗೀ, ತಂಗೀ, ಒಂದ್ನಿಮಿಷ!" ಅಜ್ಜಿ ಓಡಿಬಂದಳು. ಪ್ರತಿ ಸ್ಟೇಷನ್ನಿಗೂ ಹೀಗೇ, ಬೀಗ ಬಿದ್ದ ಮೇಲೆಯೇ ಅವಳಿಗೆ ಅವಸರ.

"ಸ್ಟೇಷನ್ ದಾಟಲಿ ಅಜ್ಜೀ."

"ನನ್ನ ವಯಸ್ಸಿಗೆ ಸ್ಟೇಷನ್ ಗೊತ್ತಾಗಲ್ಲ ಕಣೇ!"

ಗಾಡಿ ನಿಂತಿತು. ರಿಮ್ಮಾ ಬಾಗಿಲು ತೆರೆದು ಕೆಳಗಿಳಿದಳು. 'ಇಳಿಯಲಿ. ಮುಖ ನೋಡುವುದಿಲ್ಲ. ಶುಭಪ್ರಯಾಣ ಅನ್ನುತ್ತೇನೆ. ಅಷ್ಟೇ.' ಕಂಬಿ ಒರೆಸಿದಳು. ಎಂದಿಗಿಂತ ಚೆನ್ನಾಗಿ ಒರೆಸಿದಳು. ಅವನು ಹಿಡಿದು ಇಳಿಯುವ ಕಂಬಿ ಅದು.

ಯಾರೂ ಇಳಿಯಲಿಲ್ಲ.

ಹಸಿರು ದೀಪ ಬಿತ್ತು. ಗಾಡಿ ಹೊರಟಿತು.

'ಪಕ್ಕದ ಬೋಗಿಯ ಬಾಗಿಲಿಂದ ಇಳಿದುಹೋದನಾ? ನನ್ನ ಮುಖ ನೋಡೋದೂ ಬೇಡವಾಯ್ತಾ?'

ಮುಖ ನೋಡಬಾರದೆಂದು ಹಟ ಹಿಡಿದವಳು ತಾನೇ ಎನ್ನುವುದು ಅವಳಿಗೆ ಆ ಕ್ಷಣಕ್ಕೆ ಮರೆತೇಹೋಗಿತ್ತು.

ಕಣ್ಣೊರೆಸಿಕೊಂಡು ಶೌಚಾಲಯದ ಬೀಗ ತೆಗೆದಳು. ಬಾಗಿಲು ತಳ್ಳಿದಳು.

ಒಳಗೆ ತೀಖನ್!

ಕಪ್ಪು ಕೋಟು, ನೀರು ತೊಟ್ಟಿಕ್ಕುವ ಗಡ್ಡ. ಎರಡೂ ಕೈಯಲ್ಲಿ, ಮೊಟ್ಟೆ ಹಿಡಿದ ಹಾಗೆ, ಪುಟ್ಟದೊಂದು ಮರದ ಪೆಟ್ಟಿಗೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಂದು ಮಗ್ಗುಲಿಗೆ ತಂತಿಯ ಜಾಲರಿ.

"ನೀವು... ಇಲ್ಲಿ? ನಿಮ್ಮ ಸ್ಟೇಷನ್ ಹೋಯ್ತು!"

"ಗೊತ್ತು."

"ಮನೇಲಿ ಕಾಯ್ತಿರ್ತಾರೆ! ನಿಮ್ಮ... ನಿಮ್ಮ ಅಮ್ಮಾವ್ರು!"

ತೀಖನ್ ಉದ್ದನೆಯ ಉಸಿರು ಬಿಟ್ಟ. "ಅಜ್ಜಿ ಹೇಳೇಬಿಟ್ಟರಾ..." ಎಂದು ಪೆಟ್ಟಿಗೆಯನ್ನು ಅವಳ ಮುಂದೆ ಹಿಡಿದ. "ಇವರೇ. ನಮ್ಮ ಅಮ್ಮಾವ್ರು."

ಜಾಲರಿಯ ಹಿಂದೆ ಉದ್ದ ಹೊಟ್ಟೆಯ ಒಂದು ಜೇನುಹುಳ, ಸಕ್ಕರೆಯ ಚೂರಿನ ಮೇಲೆ ಗಂಭೀರವಾಗಿ ಕುಳಿತಿತ್ತು.

"ರಾಣಿ ಜೇನು," ಅಂದ ಅವನು. "ಜೇನು ಸಾಕೋರೆಲ್ಲ ಹಾಗೇ ಕರಿಯೋದು, ಅಮ್ಮಾವ್ರು ಅಂತ. ನಮ್ಮ ಗೂಡಿನ ರಾಣಿ ಸತ್ತುಹೋಯ್ತು. ರಾಣಿ ಇಲ್ದಿದ್ರೆ ಗೂಡು ಉಳಿಯಲ್ಲ. ಅದಕ್ಕೆ ಇವರನ್ನ ಎದೆ ಹತ್ರ ಬೆಚ್ಚಗೆ ಇಟ್ಕೊಂಡು ತರ್ತಿದೀನಿ. ರೈಲಲ್ಲಿ ಜೇನು ಬಿಡಲ್ಲ ಅಂತ ಯಾರೋ ಹೇಳಿದ್ರು. ನಿಮಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ದಾರಿಲೇ ಇಳಿಸ್ತೀರಿ ಅಂತ ಹೆದರಿದ್ದೆ."

"ಒಂದು ಹುಳಕ್ಕೆ ಯಾರ್ರೀ ಇಳಿಸ್ತಾರೆ!" ರಿಮ್ಮಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಹಾಗಾದ್ರೆ... ಲೆಕ್ಕ ಇಲ್ಲದ ಮಕ್ಕಳು?"

"ಜೇನುಮರಿಗಳು."

"ನೀವು ಪಾದ್ರಿ..."

"ಅಲ್ಲ ಅಲ್ಲ ಅಂತ ಹೇಳಿ ಹೇಳಿ ಸಾಕಾಯ್ತು!"

"ಏನೂ?!" ಹಿಂದಿನಿಂದ ಸಿಡಿಲು ಬಡಿದಂತಾಯಿತು. ಅಜ್ಜಿ! ಅವಳ ಹಿಂದೆ ಸಿಪಾಯಿ, ಅವನ ಹಿಂದೆ ಶೌಚಾಲಯಕ್ಕೆ ಸಾಲು ನಿಂತ ಅರ್ಧ ಬೋಗಿ. "ಪಾದ್ರಿ ಅಲ್ವಾ? ಹಾಗಾದ್ರೆ ನನ್ನ ಉಪ್ಪಿನಕಾಯಿ ಪಾಪ ವಾಪಸ್ ಕೊಡೋ!"

"ಅಜ್ಜೀ, ಅದನ್ನ ನಾನೇನು ಇಟ್ಕೊಂಡಿಲ್ಲ..."

"ಕೋಳಿ ಕಾಲು ತಿಂದ್ಯಲ್ಲೋ!"

"ನನ್ನ ಅಳು?" ಅಂದ ಸಿಪಾಯಿ.

ರಿಮ್ಮಾ ಎಂದೂ ಮಾಡದ ಕೆಲಸ ಮಾಡಿದಳು. ಬಾಗಿಲಿಗೆ ಅಡ್ಡವಾಗಿ, ಸಾಲಿಗೆ ಬೆನ್ನು ಹಾಕಿ ನಿಂತುಬಿಟ್ಟಳು.

"ಒಂದು ಮಾತು ಹೇಳಿ," ಅಂದಳು ಮೆಲ್ಲಗೆ. "ಬೀಗ ಹಾಕಿದಾಗ ಬಾಗಿಲು ಬಡೀಬಹುದಿತ್ತಲ್ಲ? ನಾನು ಬಂದು ತೆಗೀತಿದ್ದೆ."

ತೀಖನ್ ಪೆಟ್ಟಿಗೆಯನ್ನು ಜೇಬಿಗಿಳಿಸಿದ. ಮೊದಲ ಬಾರಿಗೆ ಅವನ ಎರಡೂ ಕೈ ಖಾಲಿಯಾದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

"ನೀರು ಕುಡಿಸೋಕೆ ಮುಚ್ಚಳ ತೆಗೆದೆ. ಅಮ್ಮಾವ್ರು ಕನ್ನಡಿ ಮೇಲೆ ಹೋಗಿ ಕೂತ್ರು. ಬಾಗಿಲು ಬಡಿದ್ರೆ ಹಾರಿಹೋಗ್ತಾರೆ ಅಂತ ಸುಮ್ಮನಿದ್ದೆ."

"ಆಮೇಲೆ?"

"ಆಮೇಲೆ ಪೆಟ್ಟಿಗೆಗೆ ಬಂದ್ರು. ಗಾಡಿ ಇನ್ನೂ ನಿಂತೇ ಇತ್ತು. ಬಡೀಬಹುದಿತ್ತು..." ಅವನ ಕಿವಿ ಕೆಂಪಾಯಿತು. "ಕೈ ಎತ್ತಿದೆ. ಬಡೀಲಿಲ್ಲ."

"ಯಾಕೆ?"

"ನೀವು ಕೋಪದಲ್ಲಿದ್ರಿ. ಹಾಗೇ ಇಳಿದುಹೋಗೋಕೆ... ಮನಸ್ಸು ಬರಲಿಲ್ಲ."

ರಿಮ್ಮಾಳ ಎದೆಯಲ್ಲಿ ಒಂದು ಜೇನುಗೂಡೇ ಎದ್ದಂತಾಯಿತು!

"ಅಮ್ಮಾವ್ರ ಗತಿ?" ಅಂದಳು, ಮುಖ ಕೆಳಗೆ ಹಾಕಿ.

"ಇಲಾನ್ಸ್ಕಾಯಾದಿಂದ ವಾಪಸ್ ಲೋಕಲ್ ಗಾಡಿ ಇದೆ. ಸಂಜೆಗೆ ಗೂಡು ಸೇರ್ತಾರೆ." ಅವನು ಗಂಟಲು ಸರಿಮಾಡಿಕೊಂಡ. "ನಿಮ್ಮ ಗಾಡಿ ವ್ಲಾದಿವೊಸ್ತೋಕ್ ಮುಟ್ಟಿ ಇದೇ ದಾರಿಲಿ ಬರುತ್ತಲ್ಲ?"

"ಬರುತ್ತೆ. ಆದ್ರೆ ಲಿಪ್ಕಿಲಿ ಎರಡೇ ನಿಮಿಷ..."

"ಅಷ್ಟು ಸಾಕು. ಜೇನುತುಪ್ಪ ಹಿಡ್ಕೊಂಡು ಪ್ಲಾಟ್‌ಫಾರ್ಮಲ್ಲಿ ನಿಂತಿರ್ತೀನಿ. ನೀನು ಕಂಬಿ ಒರೆಸಿ ಮುಗಿಸೋವರೆಗೂ ಕಾಯ್ತೀನಿ."

ಅವಳು ತಟ್ಟನೆ ತಲೆಯೆತ್ತಿದಳು. "ಏನಂದ್ರಿ?"

"ನೀ... ನೀನು ಅಂದುಬಿಟ್ಟೆ." ಅವನು ಗಾಬರಿಯಾದ. "ಬಾಯಿ ತಪ್ಪಿ ಬಂತು. ಬೇಜಾರಾಯ್ತಾ?"

ಓಮ್ಸ್ಕ್‌ನಲ್ಲಿ ಕಂಬಿಯ ಮೇಲೆ ಬಿದ್ದ ಆ ದೊಡ್ಡ, ಬೆಚ್ಚಗಿನ ಕೈಯನ್ನು ಈ ಸಲ ರಿಮ್ಮಾಳೇ ಹುಡುಕಿ ಹಿಡಿದಳು.

"ಇನ್ನೊಂದ್ಸಲ ಅನ್ನು," ಅಂದಳು.

"ನೀನು," ಅಂದ ತೀಖನ್. "ನೀನು... ನೀನು..."

ಗಾಡಿ ತಿರುವಿನಲ್ಲಿ ವಾಲಿತು. ಇಬ್ಬರೂ ವಾಲಿದರು. ಗಾಡಿ ನೆಟ್ಟಗಾದರೂ ಅವರು ಆಗಲಿಲ್ಲ. ಸಾಲಿನಲ್ಲಿದ್ದ ಸಿಪಾಯಿ ಸದ್ದಿಲ್ಲದೆ ಟೋಪಿ ತೆಗೆದ. ಯಾರೋ ಮೂಗು ಸೀಟಿದರು.

ಪೆಲಗೇಯಾ ಅಜ್ಜಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಆ ತುದಿಯ ಶೌಚಾಲಯ ನೆನಪಾಯಿತು. ಅದರ ಬೀಗ ಇನ್ನೂ ಹಾಗೇ ಇತ್ತು. ಕೀಲಿ ರಿಮ್ಮಾಳ ಕೈಯಲ್ಲಿತ್ತು. ಆ ಕೈ ತೀಖನ್‌ನ ಕೈಯೊಳಗಿತ್ತು.

"ಮಕ್ಕಳೇ..." ಅಂದಳು ಅಜ್ಜಿ. "ಸ್ವಲ್ಪ ಆ ಬಾಗಿಲು ಬಿಟ್ಟು ಈಚೆ ಬರ್ರಪ್ಪಾ."