ಸೇತುವೆ ಬಳಿಯ ಕಲ್ಲುಗಳು

ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ತರಬೇತುದಾರಳಾದ ಮನೀಷಾ ಹಾಜರಿ ಕರೆದಳು. ಹುಮನಾಬಾದಿನ ಆ ತರಬೇತಿ ಕೋಣೆಯಲ್ಲಿ ಲೈಸೆನ್ಸ್ ಅಮಾನತಾದ ಏಳು ಚಾಲಕರಿದ್ದರು. ಎರಡು ದಿನ ಸಂಚಾರ ನಿಯಮ ಓದಿ ಪ್ರಮಾಣಪತ್ರ ಪಡೆದರಷ್ಟೇ ಲೈಸೆನ್ಸ್ ವಾಪಸ್.

“ಅಜೀತ, ಹಳ್ಳಿಖೇಡ?”

“ಬಂದೀನ್ರಿ.”

ಅವಳು ಥಟ್ಟನೆ ತಲೆಯೆತ್ತಿದಳು. ಅದೇ ದನಿ...!

ನವೆಂಬರ್ ಹದಿನೆಂಟರ ನಸುಕಿನಲ್ಲಿ, ಬಸವಕಲ್ಯಾಣದಿಂದ ಬರುವಾಗ, ಸಣ್ಣ ಸೇತುವೆಯ ಬಳಿ ಅವಳ ಸ್ಕೂಟಿ ರಸ್ತೆ ಮೇಲಿನ ಕಲ್ಲಿಗೆ ಬಡಿದಿತ್ತು. ಆಮೇಲೆ ನೆನಪಿರುವುದು ಮಂಜು, ಮತ್ತು ಒಂದು ದನಿ: “ಕಣ್ಣ ಮುಚ್ಚಬ್ಯಾಡ್ರಿ... ನನ್ನ ಮಾತ ಕೇಳ್ಕೋತ ಇರ್ರಿ.”

ಆಸ್ಪತ್ರೆಯ ನರ್ಸ್ ಹೇಳಿದ್ದು ಬೇರೆ. “ನಿಮ್ಮನ್ನ ಯಾರೂ ತಂದಿಲ್ರಿ. ಬೆಂಚಿನ ಮ್ಯಾಲ ಒಬ್ಬರೇ ಮಲಗಿದ್ರಿ.”

ಎರಡು ತಿಂಗಳಿಂದ ಸಂತೆಯಲ್ಲಿ, ಬಸ್ಸಿನಲ್ಲಿ, ಪ್ರತಿ ಗಂಡಸಿನ ದನಿಗೂ ಅವಳು ತಿರುಗಿ ನೋಡಿದ್ದಳು. ಮುಖವಿಲ್ಲದ ದನಿಯನ್ನು ಪ್ರೀತಿಸುತ್ತಿದ್ದೇನೆಂದು ಯಾರಿಗೆ ಹೇಳುವುದು?

ಅಂದಿನಿಂದ, ಅವಳು ಕೆಲಸಕ್ಕೆ ಬರುವಾಗ ದಿನವೂ ದಾಟುವ ಆ ಸೇತುವೆಯ ಪಕ್ಕದಲ್ಲಿ ಕಲ್ಲಿನ ರಾಶಿಯೊಂದು ಬೆಳೆಯುತ್ತಿತ್ತು. ನಿನ್ನೆ ಹತ್ತೊಂಬತ್ತು. ಇವತ್ತು ಇಪ್ಪತ್ತೊಂದು. ಸುತ್ತ ಯಾರೂ ಇರುತ್ತಿರಲಿಲ್ಲ.

ಅವ್ವ ಶೇವಂತಾಬಾಯಿ ಕೇಳಿಯೇ ನಡುಗಿದ್ದಳು. “ಮಣ್ಣ ಕೊಟ್ಟ ಮ್ಯಾಲ ಹಂಗ ಕಲ್ಲ ಇಡ್ತಾರ ಮಗಾ. ಯಾವುದೋ ದೆವ್ವ ನಿನ್ನ ಹೆಸರ್ಲೆ ಇಡಾಕತ್ತದ!”

ಮನೀಷಾ ಸಾವರಿಸಿಕೊಂಡು ಪಾಠ ಶುರುಮಾಡಿದಳು. “ಗಾಡಿ ಕೆಟ್ಟು ನಿಂತ್ರ ಹಿಂದ ಏನಿಡ್ತೀರಿ?”

“ಕಲ್ಲು, ಬೇವಿನ ಟೊಂಗಿ. ನಮ್ಮ ಲಾರಿಗಿ ಅದೇ ಅಲಂಕಾರ ಮೇಡಂ!” ಎಂದ ಇನ್ನೊಬ್ಬ ಚಾಲಕ ನಸೀರ್. ಎಲ್ಲರೂ ನಕ್ಕರು.

“ಕೆಂಪು ತ್ರಿಕೋನ ಫಲಕ ಇಡಬೇಕು. ಇರ್ಲಿ, ರಿಪೇರಿ ಆದ ಮ್ಯಾಲ ಆ ಕಲ್ಲು?”

ಒಬ್ಬಿಬ್ಬರು ತಲೆ ತಗ್ಗಿಸಿದರು.

“ಬಿಟ್ಟು ಹೋಗ್ತೀವ್ರಿ,” ಎಂದ ಅಜೀತ. ಅವನ ಮುಖ ಬಿಳಿಚಿತ್ತು.

ಅವಳು ಅವನ ಕಾಗದ ತೆಗೆದು ನೋಡಿದಳು. ಕಬ್ಬಿನ ಲಾರಿ. ಅತಿವೇಗ. ಹೆದ್ದಾರಿ ಕ್ಯಾಮೆರಾ. ನವೆಂಬರ್ ಹದಿನೆಂಟು, ಬೆಳಿಗ್ಗೆ ಆರು ಗಂಟೆ ಮೂವತ್ತೊಂದು.

‘ಕಾಪಾಡಿದವನು ಇವನೇ! ಹಾಗಾದರೆ ಮುಖ ಮರೆಸಿದ್ದೇಕೆ...?’

ಮರುದಿನ ಬೆಳಿಗ್ಗೆ ಆರೂ ಹತ್ತಕ್ಕೆ ಅವಳು ಸೇತುವೆಯ ಬಳಿ ಸ್ಕೂಟಿ ನಿಲ್ಲಿಸಿದಳು. ಮಂಜಿನೊಳಗೆ ಕಲ್ಲಿನ ಮೇಲೆ ಕಲ್ಲು ಕೂತ ಸದ್ದು. ಟಕ್... ಟಕ್...

“ಯಾರದು?”

“ಹೆದರಬ್ಯಾಡ್ರಿ. ನಾನು, ಅಜೀತ.”

“ನನ್ನ ಸಮಾಧಿ ಕಟ್ಟಾಕತ್ತೀರೇನು?”

ಅವನ ಕೈಯಿಂದ ಕಲ್ಲು ಬಿತ್ತು. “ಅಯ್ಯೋ, ಅಲ್ರಿ! ಮಂದಿ ಬಿಟ್ಟ ಹೋದ ಕಲ್ಲ ರಸ್ತಾದಾಗಿಂದ ತೆಗದು ಒಟ್ಟಾಕತ್ತೀನಿ. ದಿನಾ ಮೊದಲನೇ ಬಸ್ಸಿಗಿ ಬರ್ತೀನಿ. ಆ ದಿನದ ಕಲ್ಲು... ನನ್ನವು. ಪಂಕ್ಚರ್ ತಿದ್ದಿ ಹಂಗೇ ಹ್ವಾದೆ. ಹಿಂದ ಸಪ್ಪಳ ಕೇಳಿ ಹೊಳ್ಳಿ ಬಂದೆ.”

ಅಂದು ಮುರಿದು ವಾಸಿಯಾಗಿದ್ದ ಅವಳ ಬಲ ಮಣಿಕಟ್ಟು ಮತ್ತೆ ನೋಯತೊಡಗಿತು.

“ಗಾಯ ಆದಾಕಿನ್ನ ಒಯ್ಯಾಕತ್ತಿದ್ದೆ ಅಂದಿದ್ರ ಲೈಸೆನ್ಸ್ ಉಳೀತಿತ್ತೇನೋ. ಯಾಕ ಹೇಳಲಿಲ್ಲ?”

“ಹ್ಯಾಂಗ ಬಿದ್ಲು ಅಂತ ಕೇಳ್ತಿದ್ರು. ಅದಕ್ಕ ಬೆಂಚಿನ ಮ್ಯಾಲ ಬಿಟ್ಟು ಓಡಿದೆ. ನೀವು ಉಳದ್ರೋ ಇಲ್ಲೋ ಅಂತ... ಈಗ ದಿನಾ ಈ ಸೇತುವಿ ಕೆಳಗ ನಿಲ್ತೀನಿ. ನಿಮ್ಮ ಸ್ಕೂಟಿ ಹ್ವಾದ ಮ್ಯಾಲೇ ನನಗ ಉಸಿರು ಬರ್ತದ.”

ಮನೀಷಾಳ ಕಣ್ಣು ತುಂಬಿತು. “ಎರಡ ತಿಂಗಳಿಂದ ಈ ದನಿ ಹುಡುಕಾಕತ್ತೀನಿ. ಸಿಕ್ಕ ಮ್ಯಾಲ ಬೈಬೇಕೋ, ಅಳಬೇಕೋ?”

“ಎರಡೂ ಮಾಡ್ರಿ. ಬಿಟ್ಟು ಮಾತ್ರ ಹೋಗಬ್ಯಾಡ್ರಿ.”

“ಬಿಟ್ಟು ಹೋಗೋ ಚಾಳಿ ನಿಮ್ಮದು, ನಂದಲ್ಲ!” ಬಿದ್ದ ಕಲ್ಲನ್ನು ಅವಳು ಎಡಗೈಯಿಂದ ಎತ್ತಿ ರಾಶಿಗಿಟ್ಟಳು. “ಮದ್ಲ ಠಾಣೆಗಿ ಹೋಗಿ ಖರೆ ಏನದ ಬರಕೊಡ್ರಿ. ಆಮ್ಯಾಲ ಕ್ಲಾಸಿಗಿ ಬರ್ರಿ. ತಡ ಆದ್ರ ಹಾಜರಿ ಹಾಕಂಗಿಲ್ಲ.”

“ಹಾಜರಿ ಕರಿಯೂ ಮುಂದ ಇರ್ತೀನ್ರಿ.”

ಅವನು ಬರೆದುಕೊಟ್ಟ. ಮಾರ್ಚ್ ಎರಡರಂದು ಲೈಸೆನ್ಸ್ ವಾಪಸ್ ಸಿಕ್ಕಿತು. ಅದನ್ನು ತರಲು ಇಬ್ಬರೂ ಸ್ಕೂಟಿಯಲ್ಲಿ ಹೋದರು. ಮನೀಷಾ ಓಡಿಸಿದಳು. ಅಜೀತ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕುಳಿತಿದ್ದ.